ಚಂದ್ರನಿಗೆ ಎಷ್ಟು ಕೊಡಬೇಕು

ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ. ಈ ಮೂರು ಮಾತುಗಳನ್ನು ಹತ್ತೊಂಬತ್ತು ವರ್ಷಗಳಿಂದ ದಿನಕ್ಕೆ ಎಂಬತ್ತು ಸಲ ಹೇಳುತ್ತ ಬಂದವನು, ಹೇಳಿದಾಗಲೆಲ್ಲ ಸೀಸದ ಗಾಜಿನ ಹಿಂದೆ ತಾನೂ ಎಳೆದು, ಹಿಡಿದು, ಬಿಡುತ್ತಿದ್ದವನು, ಆ ದಿನ ಮಧ್ಯಾಹ್ನ ಮೂರನೆಯ ಮಾತನ್ನು ಮರೆತ. ಗುಂಡಿ ಒತ್ತಿದ. ಎದೆ ಪರದೆಯ ಮೇಲೆ ಮೂಡಿತು. ಪಕ್ಕೆಲುಬು ಸರಿಯಾಗಿ ಬಂದಿದೆಯೆ ಎಂದು ನೋಡುತ್ತ, ನೋಡುತ್ತಿರುವುದನ್ನೇ ಮರೆತು ನಿಂತ. ಆಚೆ ಎಕ್ಸ್‌ರೇ ಫಲಕಕ್ಕೆ ಎದೆಯೊತ್ತಿ ಗಲ್ಲವೆತ್ತಿ ನಿಂತಿದ್ದ ದಪ್ಪ ಮನುಷ್ಯ ಮೊದಲು ಕೆಂಪಗಾಗಿ, ಆಮೇಲೆ ಬದನೆಕಾಯಿಯ ಬಣ್ಣಕ್ಕೆ ತಿರುಗಿ, ಕೊನೆಗೆ ತಡೆಯಲಾರದೆ ಭುಸ್ಸೆಂದು ಬಿಟ್ಟ. "ಏನ್ ಸಾರ್, ಪೂರ್ತಿ ಬಿಡಿಸಿಬಿಡೋಣ ಅಂತಿದ್ರಾ?" ಎಂದ. ಬಾಗಿಲಾಚೆ ಸಾಲಿನಲ್ಲಿ ಕೂತವರು ನಕ್ಕರು. ಬೇರೆ ದಿನವಾಗಿದ್ದರೆ ಅವನು ಆ ಭುಸ್ಸನ್ನು ಅದೇ ಗಂಟಲಲ್ಲಿ ವಾಪಸು ಕೊಟ್ಟು ಇನ್ನಷ್ಟು ನಗಿಸುತ್ತಿದ್ದ. ಆಸ್ಪತ್ರೆಯಲ್ಲಿ ಅವನನ್ನು ರೇಡಿಯೋ ಎಂದು ಕರೆಯುತ್ತಿದ್ದುದು ಕೋಣೆಯ ಬಾಗಿಲ ಮೇಲೆ ರೇಡಿಯಾಲಜಿ ಎಂದು ಬರೆದಿತ್ತೆಂದು ಅರ್ಧ. ಇನ್ನರ್ಧ, ಎಲ್ಲ ಸ್ಟೇಷನ್ನುಗಳೂ ಅವನಲ್ಲಿ ಸಿಗುತ್ತವೆಂದು. ಸೂಪರಿಂಟೆಂಡೆಂಟರ ಮೂಗಿನ ದನಿ ಬೇಕೆ, ತಿರುಗಿಸಿ. ಲಿಫ್ಟಿನೊಳಗೆ ಬಾಗಿಲು ಮುಚ್ಚುತ್ತಿದೆ ಎನ್ನುವ ಯಂತ್ರದ ಹೆಂಗಸು ಬೇಕೆ, ಅದೂ ಇದೆ. ಆದರೆ ಹನ್ನೊಂದು ವಾರಗಳಿಂದ ಯಾವ ಸ್ಟೇಷನ್ನೂ ಹಿಡಿಯುತ್ತಿರಲಿಲ್ಲ. ಕಾಲು ಮಡಿಸಿ ಬಹಳ ಹೊತ್ತು ಕೂತರೆ ಜೋಮು ಹಿಡಿಯುತ್ತದಲ್ಲ, ಮುಟ್ಟಿದರೆ ಯಾರದೋ ಕಾಲನ್ನು ಮುಟ್ಟಿದ ಹಾಗೆ, ಅಂಥದ್ದೇ ಏನೋ ಪಕ್ಕೆಲುಬಿನ ಹಿಂದೆ ಆಗಿತ್ತು. ಎದ್ದು ಎರಡು ಹೆಜ್ಜೆ ಹಾಕಿದರೆ ಸೂಜಿ ಚುಚ್ಚಿದಂತಾಗಿ ಜೀವ ಬರುತ್ತದೆ ಎಂದು ಅವನಿಗೆ ಗೊತ್ತಿತ್ತು. ಏಳುತ್ತಿರಲಿಲ್ಲ, ಅಷ್ಟೆ.

ಪಕ್ಕದ ಮೇಜಿನಲ್ಲಿ ಅಕ್ಕ ಕೂತು ದಾಖಲೆ ಪುಸ್ತಕ ಬರೆಯುತ್ತಿದ್ದಳು. ಅವಳು ಆ ವಿಭಾಗದ ಹಿರಿಯ ತಂತ್ರಜ್ಞೆ. ಅವನಿಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಆಸ್ಪತ್ರೆಗೆಲ್ಲ ಅಕ್ಕ, ಸೂಪರಿಂಟೆಂಡೆಂಟರಿಗೂ ಅಕ್ಕ. ಎಡಗೈಯಲ್ಲಿ ಬರೆಯುತ್ತಾಳೆ, ಬರೆದದ್ದರ ಮೇಲೇ ಕೈ ಹಾಯ್ದು ಅಂಗೈಯ ಅಂಚು ಯಾವಾಗಲೂ ನೀಲಿ. ಈಗೀಗ ಒಂದೊಂದು ಹೆಸರು ಬರೆದ ಮೇಲೂ ಪೆನ್ನೆತ್ತಿ ಮತ್ತೆ ಚೀಟಿ ನೋಡುತ್ತಾಳೆ, ಮತ್ತೆ ಪುಸ್ತಕ ನೋಡುತ್ತಾಳೆ. ಕೊರಳಲ್ಲಿ ಗುರುತಿನ ಚೀಟಿಯ ಜೊತೆಗೆ ಅಂಗೈಯಗಲದ ನೋಟ್‌ಪುಸ್ತಕವೊಂದು ದಾರದಲ್ಲಿ ತೂಗುತ್ತದೆ. ದಪ್ಪ ಮನುಷ್ಯ ಅಂಗಿ ತೊಟ್ಟು ಹೋದ ಮೇಲೆ ಅವಳು ತಲೆಯೆತ್ತಿ, "ಏನಾಯ್ತೋ ನಿಂಗೆ? ಮರೆವು ನನ್ನ ಕಾಯಿಲೆ. ಅದನ್ನೂ ಮಿಮಿಕ್ರಿ ಮಾಡ್ತೀಯಾ?" ಎಂದಳು. ಅವನು ನಗಬೇಕಿತ್ತು, ನಕ್ಕ. "ಸಾಯಂಕಾಲ ಆರಕ್ಕೆ ಗ್ರಹಣದ ಚಿತ್ರಕ್ಕೆ ಮೇಲೆ ಬರ್ತೀಯಲ್ಲ? ಟ್ರೈಪಾಡು ನಾನು ತಂದಿದೀನಿ. ತಂದಿದೀನಾ?" ಎಂದು ತಾನೇ ಬಗ್ಗಿ ಮೇಜಿನ ಕೆಳಗೆ ನೋಡಿದಳು. ಮುರಿದ ಒಂದು ಕಾಲಿಗೆ ಆಸ್ಪತ್ರೆಯ ಬಿಳಿ ಅಂಟುಪಟ್ಟಿ ಸುತ್ತಿದ ಮುಕ್ಕಾಲಿ ಅಲ್ಲಿ ಮಲಗಿತ್ತು. "ತಂದಿದೀನಿ," ಎಂದು ನೋಟ್‌ಪುಸ್ತಕದಲ್ಲಿ ಒಂದು ಗೆರೆ ಹೊಡೆದಳು.

ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಅವಳು ಕಾಗದ ಕೊಡುತ್ತಾಳೆ. ಮೂರು ವರ್ಷ ಮೊದಲೇ ಕೆಲಸ ಬಿಡುವ ಕಾಗದ. ಅದರಲ್ಲಿ ಅವಳೇ ತನ್ನ ನೀಲಿ ಅಂಗೈಯಿಂದ ಬರೆದ ಸಾಲು: ನನ್ನ ನೆನಪಿನ ಶಕ್ತಿ ಕುಂದಿರುವ ಕಾರಣ. ಅವನಿಗೆ ತೋರಿಸಿದ್ದಳು, ಕುಂದಿಗೆ ಕೊಂಬು ಸರಿಯಾಗಿದೆಯಾ ನೋಡು ಎಂದು. ಸರಿಯಾಗಿದೆ ಅಕ್ಕ ಎಂದಿದ್ದ. ಸೂಪರಿಂಟೆಂಡೆಂಟರು ಅದನ್ನು ಮುದ್ರೆಯೊತ್ತಿ ಮೇಲಕ್ಕೆ ಕಳಿಸಿದರೆ ಮುಗಿಯಿತು, ಆ ಮೇಲಿನವರ ಮೇಲೆ ಯಾರಿದ್ದಾರೆಂದು ಯಾರಿಗೂ ಗೊತ್ತಿಲ್ಲ. ಅವಳ ನೆನಪಿಗೆ ಏನೂ ಆಗಿಲ್ಲ ಎಂದು ಗೊತ್ತಿದ್ದವನು ಲೋಕದಲ್ಲಿ ಒಬ್ಬನೇ. ಅವನು ಮುಂದಿನ ಚೀಟಿ ಹಿಡಿದು, ಒಳಗೆ ಬನ್ನಿ ಎಂದು ಕರೆದ.

ಮೂರು ತಿಂಗಳ ಹಿಂದೆ, ಒಳಗೆ ಬನ್ನಿ ಎಂದೇ ಆ ಮುದುಕನನ್ನೂ ಕರೆದದ್ದು. ದರ್ಜಿ. ಅಂಗಡಿಯ ಮೆಟ್ಟಿಲಲ್ಲಿ ಮುಗ್ಗರಿಸಿ ಎರಡೂ ಕೈ ಊರಿ ಬಿದ್ದಿದ್ದ, ಎರಡೂ ಮಣಿಕಟ್ಟು ಒಂದೇ ಸಮ ಊದಿದ್ದವು, ಕನ್ನಡಕ ಚೂರಾಗಿತ್ತು. ಬಾಗಿಲಲ್ಲೇ ತಡವರಿಸುತ್ತ ನಿಂತು, "ಹೋದ ಸಲ ಒಬ್ರು ಅಮ್ಮ ಇದ್ರಲ್ಲ, ಕೈ ಮೆತ್ತಗೆ ಹಿಡೀತಿದ್ರು, ಅವರಿಲ್ವಾ?" ಎಂದು ಕೇಳಿದ. ಅಕ್ಕ ಆಗಷ್ಟೇ ಕಾರಿಡಾರಿನ ಫೋನಿಗೆಂದು ಹೊರಗೆ ಹೋಗಿದ್ದಳು. ಇಲ್ಲ ಎಂದರೆ ಆಗುತ್ತಿತ್ತು. ಮುದುಕನ ಮುಖದಲ್ಲಿ ಅಮ್ಮ ಸಿಗದಿದ್ದರೆ ಅಳುವ ಮಗುವಿನ ಕಳೆಯಿತ್ತು, ಮತ್ತೆ, ಸುಳ್ಳು ಯಾಕೆ, ನಾಲಿಗೆ ತುರಿಸಿತು. "ಇದ್ದೀನಿ ಬನ್ನಪ್ಪ, ಎಲ್ಲಿಗೆ ಹೋಗ್ಲಿ," ಎಂದ, ಅಕ್ಕನ ದನಿಯಲ್ಲಿ. ಪ್ರತಿ ಮಾತಿನ ಕೊನೆಗೆ ಒಂದು ಸಣ್ಣ ನಿಟ್ಟುಸಿರನ್ನು ಬಾಲದಂತೆ ಬಿಡುವ ಆ ದನಿ ಅವನಿಗೆ ಅಷ್ಟು ಚೆನ್ನಾಗಿ ಹಿಂದೆಂದೂ ಬಂದಿರಲಿಲ್ಲ. ಮುದುಕ ಮುಖವರಳಿಸಿ ಕೈ ಚಾಚಿದ. ಮುಖಗವಸು, ಟೋಪಿ, ಸೀಸದ ಮೇಲಂಗಿ. ಕನ್ನಡಕವಿಲ್ಲದ ಕಣ್ಣಿಗೆ ಎಲ್ಲರೂ ಅಮ್ಮನೇ. ಪಾತ್ರ ಮೈಯೇರಿತು. ಅವಳಂತೆ ಸೊಂಟದ ಮೇಲೆ ಕೈಯಿಟ್ಟ, ಅವಳಂತೆ ಅಕ್ಷರಗಳ ಡಬ್ಬಿಯನ್ನು ತಿರುಗಿಸಿ ಎಡಗಡೆಗೆ ಎಳೆದುಕೊಂಡ, ಅವಳಂತೆ ಎಡಗೈಯಲ್ಲಿ ಸೀಸದ ಅಕ್ಷರ ಹೆಕ್ಕಿದ. ಎಡಗೈ ಚಿತ್ರಕ್ಕೆ ಎಲ್, ಬಲಗೈಗೆ ಆರ್. ಚಿತ್ರದ ಮೂಲೆಯಲ್ಲಿ ಆ ಅಕ್ಷರ ಬೆಳ್ಳಗೆ ಮೂಡಿ, ಯಾವ ಕೈ ಯಾವುದೆಂದು ಡಾಕ್ಟರಿಗೆ ಹೇಳುತ್ತದೆ. ಡಬ್ಬಿ ತಿರುಗಿದ್ದರಿಂದ ಹತ್ತಿರದ ಗೂಡು ದೂರ, ದೂರದ್ದು ಹತ್ತಿರ. ಕೈ ಅಕ್ಕನದು, ಅಭ್ಯಾಸ ಅವನದು. "ಅಲ್ಲಾಡ್ಬೇಡಿ ಅಪ್ಪಾ, ಆಯ್ತು, ಆಯ್ತು," ಎನ್ನುತ್ತ ಎರಡು ಅಕ್ಷರಗಳನ್ನೂ ಅದಲುಬದಲು ಇಟ್ಟ.

ಬಿರುಕಿದ್ದದ್ದು ಒಂದೇ ಮಣಿಕಟ್ಟಿನಲ್ಲಿ. ಪಟ್ಟಿ ಬಿದ್ದದ್ದು ಇನ್ನೊಂದಕ್ಕೆ. ಒಂಬತ್ತು ದಿನ ಮುದುಕ ನೋವು ನೋವು ಎನ್ನುತ್ತಿದ್ದ. ಬಿದ್ದಿದ್ದೀರಲ್ಲ, ನೋವಿರುತ್ತೆ ಎನ್ನುತ್ತಿದ್ದರು. ಹತ್ತನೆಯ ದಿನಕ್ಕೆ ಬಿರುಕಿದ ಎಲುಬು ಸೊಟ್ಟಗೆ ಕೂಡಿಕೊಳ್ಳತೊಡಗಿತ್ತು. ಮುರಿದು ಮತ್ತೆ ಕೂಡಿಸಿದರು. ಈಗ ಸೂಜಿಗೆ ದಾರ ಸೊಸೆ ಪೋಣಿಸಿಕೊಡುತ್ತಾಳಂತೆ. ವಿಚಾರಣೆಯ ದಿನ ಮುದುಕ ಹೊಸ ಕನ್ನಡಕ ಹಾಕಿಕೊಂಡು ಬಂದು, ಅಕ್ಕನನ್ನು ನೋಡದೆ ಅವಳ ಮಾತು ಕೇಳಿಯೇ ಹೇಳಿದ: "ಈ ಅಮ್ಮನೇ ಸಾರ್. ದನಿ ಮರೀತೀನಾ? ಬಯ್ಬೇಡಿ ಪಾಪ, ಮೆತ್ತಗೇ ಹಿಡ್ಕೊಂಡ್ರು." ದಾಖಲೆ ಪುಸ್ತಕದಲ್ಲೂ ಆ ಸಾಲಿಗೆ ಅಕ್ಕನ ಸಹಿಯೇ ಇತ್ತು. ಪಾಳಿ ಮುಗಿಯುವಾಗ ಇಡೀ ಪುಟಕ್ಕೆ ಒಂದು ಉದ್ದದ ಆವರಣಚಿಹ್ನೆ ಎಳೆದು ಹಿರಿಯರೊಬ್ಬರು ಸಹಿ ಹಾಕಿಬಿಡುವುದು ಆ ವಿಭಾಗದ ಪದ್ಧತಿ. ಯಾರು ತೆಗೆದರು ಎಂದು ಸಾಲುಸಾಲಿಗೆ ಬರೆಯುವ ಪುರುಸೊತ್ತು ಯಾರಿಗಿದೆ? ಅಕ್ಕ ಸೂಪರಿಂಟೆಂಡೆಂಟರ ಮೇಜಿನ ಮುಂದೆ ನಿಂತು ಬಹಳ ಹೊತ್ತು ಯೋಚಿಸಿದಳು. "ನನಗೆ ಇವರ ಕೈ ತೆಗೆದದ್ದು ನೆನಪೇ ಇಲ್ಲ ಸಾರ್," ಎಂದಳು. ಆಮೇಲೆ ಹೊರಳಿ, ಬಾಗಿಲ ಬಳಿ ಚಿತ್ರಗಳ ಲಕೋಟೆ ಹಿಡಿದು ನಿಂತಿದ್ದ ಅವನನ್ನು ಕೇಳಿದಳು: "ನಾನವತ್ತು ಎಲ್ಲಾದ್ರೂ ಹೊರಗೆ ಹೋಗಿದ್ನೇನೋ?" ಲಕೋಟೆಯ ಅಂಚು ಬೆರಳಿಗೆ ಒತ್ತುತ್ತಿತ್ತು. ಕಿಟಕಿಯಾಚೆ ಯಾರೋ ಬಕೆಟ್ಟು ಎಳೆಯುತ್ತಿದ್ದರು. "ಗೊತ್ತಿಲ್ಲ ಅಕ್ಕ," ಎಂದ. ಅವನ ಸ್ವಂತ ದನಿಯಲ್ಲೇ ಎಂದ, ಅಷ್ಟು ನೆನಪಿದೆ.

ಆರು ಗಂಟೆಗೆ ತಾರಸಿಗೆ ಹೋದಾಗ ಒಗೆದ ಹಾಸಿಗೆ ಬಟ್ಟೆಗಳು ಹತ್ತು ಸಾಲು ತೂಗುತ್ತಿದ್ದವು. ಅವುಗಳ ನಡುವೆ ಬಗ್ಗಿ ಬಗ್ಗಿ ಪೂರ್ವದ ಅಂಚಿಗೆ ಬಂದರು. ಅಲ್ಲಿ ನೀರಿನ ಟ್ಯಾಂಕು, ಅದರ ಪಕ್ಕ ಬಿಸಿಗಾಳಿ ಉಗುಳುವ ಎಸಿ ಪೆಟ್ಟಿಗೆಗಳು. ಮುಕ್ಕಾಲಿ ನಿಲ್ಲಿಸಿದರೆ ಅಂಟುಪಟ್ಟಿಯ ಕಾಲು ಸೊಟ್ಟಗಾಗಿ ಕ್ಯಾಮೆರಾ ನಮಸ್ಕಾರ ಮಾಡಿತು. ಅವನು ಕೆಳಗಿನಿಂದ ಮರಳು ಚೀಲ ತಂದಿದ್ದ. ಮಕ್ಕಳ ಕೈಕಾಲು ಅಲ್ಲಾಡದಂತೆ ಎಕ್ಸ್‌ರೇ ಮೇಜಿನಲ್ಲಿ ಅವುಗಳ ಮೇಲೆ ಹೇರುವ ಚೀಲ. ಅದನ್ನು ಮುಕ್ಕಾಲಿಯ ನಡುವೆ ತೂಗುಬಿಟ್ಟಾಗ ಅಲುಗಾಟ ನಿಂತಿತು. "ಇದು ಸರಿ. ಪೇಷೆಂಟು ಯಾರೇ ಆಗ್ಲಿ, ಮೊದಲು ಅಲ್ಲಾಡದ ಹಾಗೆ ಮಾಡ್ಬೇಕು," ಎಂದಳು ಅಕ್ಕ. ಕ್ಯಾಮೆರಾ ಅವಳದೇ. ಮೊಮ್ಮಗಳು ಹುಟ್ಟಿದಾಗ ಕೊಂಡದ್ದು, ಅದರ ಜೊತೆಗೆ ಬಂದ ಒಂದೇ ಲೆನ್ಸು, ದೂರದ್ದನ್ನು ಹತ್ತಿರ ತರುವ ಶಕ್ತಿ ಅದಕ್ಕೆ ಅಷ್ಟಕ್ಕಷ್ಟೆ. ಕಳೆದ ತಿಂಗಳು ಅದನ್ನು ಚೀಲ ಸಮೇತ ಅವನ ಮೇಜಿನ ಮೇಲಿಟ್ಟು, "ನಿನಗಿರ್ಲಿ. ನನಗೀಗ ಯಾವ ಗುಂಡಿ ಯಾವುದಕ್ಕೆ ಅಂತ ಧೈರ್ಯ ಬರಲ್ಲ. ಒಂದೇ ಒಂದು ಕೆಲಸ ಮಾಡಿಕೊಡು, ಗ್ರಹಣದ ಚಿತ್ರ ತೆಗಿ. ಎಷ್ಟೋ ವರ್ಷದಿಂದ ಅಂದ್ಕೊಂಡಿದ್ದೆ. ನಾನು ಪಕ್ಕದಲ್ಲಿ ನಿಂತು ಬರ್ಕೋತೀನಿ," ಎಂದಿದ್ದಳು. ಬೇಡ ಅಕ್ಕ ಎನ್ನಲು ಬಾಯಿ ತೆರೆದವನು ಥ್ಯಾಂಕ್ಸ್ ಅಕ್ಕ ಎಂದಿದ್ದ. ಹೊರಗಿನಿಂದ ಯಾವುದನ್ನೂ ತೆಗೆದು ಗೊತ್ತಿಲ್ಲದವನು, ಜನರ ಒಳಗನ್ನಷ್ಟೇ ತೆಗೆದವನು, ಇಪ್ಪತ್ತು ದಿನ ಕ್ಯಾಮೆರಾದ ಕೈಪಿಡಿ ಓದಿದ್ದ. ಫ್ಲಾಷ್ ಹಾಕಿ ಚಂದ್ರನಿಗೆ ಬೆಳಕು ಬಿಟ್ಟದ್ದು ಮೊದಲ ದಿನದ ಸಾಧನೆ. ಎರಡನೆಯ ದಿನ ಚಂದ್ರ ಬಂದಿತ್ತು, ಮಾತ್ರೆಯ ಹಾಗೆ. ಬೆಳ್ಳಗೆ, ಗುಂಡಗೆ, ಒಳಗೆ ಏನೂ ಇಲ್ಲದೆ.

"ಅದಕ್ಕೆ ಜಾಸ್ತಿ ಕೊಟ್ಟಿದ್ದೀಯ," ಎಂದು ಅಕ್ಕ ಆ ಚಿತ್ರ ನೋಡಿದೊಡನೆ ಹೇಳಿದ್ದಳು. ಅವರಿಬ್ಬರ ಭಾಷೆಯೇ ಅದು. ಎದೆಗೆ ಇಷ್ಟು ಕೊಡಬೇಕು, ಸೊಂಟಕ್ಕೆ ಇಷ್ಟು, ಮಗುವಿಗೆ ಇಷ್ಟು. ಹೆಚ್ಚು ಕೊಟ್ಟರೆ ಸುಟ್ಟುಹೋಗುತ್ತದೆ, ಕಡಿಮೆ ಕೊಟ್ಟರೆ ಏನೂ ಹೇಳುವುದಿಲ್ಲ. ಪೂರ್ಣ ಚಂದ್ರನಿಗೆ ಹಗಲಿಗೆ ಕೊಟ್ಟಷ್ಟೇ ಸಾಕು, ಅದು ಬಿಸಿಲಲ್ಲೇ ಬಿದ್ದಿರುವ ಕಲ್ಲು ತಾನೆ. ನೆರಳೊಳಗಿನ ಚಂದ್ರನಿಗೆ ಸಾವಿರ ಪಟ್ಟು ಹೆಚ್ಚು ಕೊಡಬೇಕು, ಹಾಗೆಂದು ಎರಡು ಸೆಕೆಂಡು ದಾಟಿದರೆ ಅದು ಜರುಗಿ ಕಲಸಿಹೋಗುತ್ತದೆ. ಇದನ್ನೆಲ್ಲ ಅವನು ಓದಿ ತಿಳಿದಿದ್ದ, ಅಕ್ಕ ಕೇಳಿ ನೋಟ್‌ಪುಸ್ತಕದಲ್ಲಿ ಬರೆದುಕೊಂಡಿದ್ದಳು. ಈಗ ಇಬ್ಬರೂ ನಿಂತಿದ್ದರು, ಎಲ್ಲ ಸಿದ್ಧವಾಗಿತ್ತು, ಚಂದ್ರ ಇರಲಿಲ್ಲ.

ಈ ಸಲದ ಗ್ರಹಣ ಹಾಗೆ. ಚಂದ್ರ ಹುಟ್ಟುವುದೇ ಪೂರ್ತಿ ನೆರಳು ಹೊದ್ದು. ಸೂರ್ಯ ಇಳಿದು ಕಾಲು ಗಂಟೆಯಾಗಿತ್ತು. ಆಕಾಶದಲ್ಲಿ ಇನ್ನೂ ಹಳಸಿದ ಬೆಳಕು. ಚಂದ್ರ ಮೂಡಿರಲೇಬೇಕು, ಪತ್ರಿಕೆಯಲ್ಲಿ ನಿಮಿಷ ಸಮೇತ ಬರೆದಿತ್ತು, ಆದರೆ ಕಟ್ಟಡಗಳ ಮೇಲೆ ಒಂದು ಬೂದು ಗೋಡೆ, ಅಷ್ಟೆ. ಇದ್ದೂ ಕಾಣದಿರುವುದು ಅವನಿಗೆ ಹೊಸದೇನಲ್ಲ. ಎಂಟು ವರ್ಷದವನಿದ್ದಾಗ ಚಿಕ್ಕಪ್ಪ ತೀರಿಕೊಂಡ ಹದಿನೈದು ದಿನಕ್ಕೆ ಬಚ್ಚಲಲ್ಲಿ ಒಬ್ಬನೇ ಮೈತೊಳೆಯುತ್ತ, ಯಾಕೆಂದು ಗೊತ್ತಿಲ್ಲ, ಚಿಕ್ಕಪ್ಪನ ದನಿಯಲ್ಲಿ ಏಯ್, ಟವಲ್ಲು ಎಂದು ಕೂಗಿದ್ದ. ಚಿಕ್ಕಪ್ಪ ಎಂದೂ ಟವಲ್ಲು ಒಳಗೆ ಒಯ್ದವನಲ್ಲ. ಕೂಗಿದ ಮೇಲೆ ಮನೆಯೆಲ್ಲ ನಿಂತಿತು. ಅಡುಗೆ ಮನೆಯಲ್ಲಿ ಏನೋ ಬಿತ್ತು, ಓಡಿ ಬಂದ ಹೆಜ್ಜೆ, ಬಾಗಿಲ ಸಂದಿಯಲ್ಲಿ ಚಿಕ್ಕಮ್ಮನ ಕೈ, ಕೈಯಲ್ಲಿ ಟವಲ್ಲು. ಅವನು ತೆಗೆದುಕೊಳ್ಳಲಿಲ್ಲ. ಕೈ ಹಾಗೇ ಇತ್ತು. ಆಮೇಲೆ ಅವನು ಟವಲ್ಲು ತೆಗೆದುಕೊಂಡು ಮೈ ಒರೆಸಿಕೊಂಡ. ಯಾರೂ ಬಯ್ಯಲಿಲ್ಲ, ಆ ಮಾತನ್ನು ಯಾರೂ ಎತ್ತಲಿಲ್ಲ. ಚಿಕ್ಕಮ್ಮ ರಾತ್ರಿ ಊಟಕ್ಕೆ ಎಂದಿನಂತೆ ಬಡಿಸಿ, ಅವನ ಮುಖ ನೋಡದೆ, ಸಾಕಾ ಎಂದಳು. "ಸಾಕಾ?" ಎಂದಳು ಪಕ್ಕದಲ್ಲಿದ್ದ ಅಕ್ಕ. ಅವನು ಬೆಚ್ಚಿದ. ಅವಳು ಚೀಲವನ್ನು ಕಾಲಿನಿಂದ ಒತ್ತಿ ನೋಡುತ್ತಿದ್ದಳು. "ಮರಳು ಸಾಕಾ, ಇನ್ನೊಂದು ಚೀಲ ತರ್ಲಾ?"

"ಸಾಕು ಅಕ್ಕ."

"ಅದೋ," ಎಂದಳು. ಟ್ಯಾಂಕಿನ ಮೇಲೆ, ತೋರಿಸಿದ ಬೆರಳಿನಷ್ಟು ಎತ್ತರದಲ್ಲಿ, ಹಳೆಯ ಗಾಯದ ಗುರುತಿನ ಹಾಗೆ ಏನೋ ಇತ್ತು. ಇಟ್ಟಿಗೆಯ ಬಣ್ಣ ಎನ್ನುವುದಕ್ಕೂ ಧೈರ್ಯ ಸಾಲದ ಬಣ್ಣ. ಅವನು ಕ್ಯಾಮೆರಾ ತಿರುಗಿಸಿ ಗುಂಡಿಯನ್ನು ಅರ್ಧ ಒತ್ತಿದ. ಲೆನ್ಸು ಗೂಂಯ್ ಎಂದು ಮುಂದೆ ಹೋಗಿ, ಗೂಂಯ್ ಎಂದು ಹಿಂದೆ ಬಂದು, ಹಿಡಿಯಲು ಏನೂ ಸಿಗದೆ ಸುಮ್ಮನಾಯಿತು. "ಅದರ ಕೈಗೆ ಬಿಡ್ಬೇಡ. ನೀನೇ ತಿರುಗಿಸು. ದೂರದ ದೀಪಕ್ಕೆ ಹೊಂದಿಸಿ ಆಮೇಲೆ ಇತ್ಲಾಗೆ ತಗೊಂಡ್ಬಾ," ಎಂದಳು ಅಕ್ಕ, ನೋಟ್‌ಪುಸ್ತಕ ನೋಡದೆ. ಅವಳು ನೋಡದೆ ಹೇಳಿದ್ದನ್ನು ಅವನು ಗಮನಿಸಿದ. ಅವಳು ಗಮನಿಸಲಿಲ್ಲ. ದೂರದ ಮೊಬೈಲ್ ಗೋಪುರದ ತುದಿಯ ಕೆಂಪು ದೀಪಕ್ಕೆ ಹೊಂದಿಸಿ, ಚಂದ್ರನತ್ತ ತಂದು, ಕೈ ತಾಗಿದ ಅದುರು ಇಳಿಯಲೆಂದು ಎರಡು ಸೆಕೆಂಡು ತಡೆದು ತೆಗೆಯುವ ಗುಂಡಿ ಒತ್ತಿ ಇಬ್ಬರೂ ಹಿಂದೆ ಸರಿದರು. ಇಬ್ಬರೂ ಉಸಿರು ಹಿಡಿದರು. ಅದು ಯಾರೂ ಹೇಳದೆ ಆಗಿಹೋಯಿತು. ಟಿಕ್, ಟಿಕ್, ಕ್ಲಕ್. "ಬಿಡಿ," ಎಂದಳು ಅಕ್ಕ ಚಂದ್ರನಿಗೆ.

"ಒಂದನೇದು. ಆರು ಐವತ್ತೊಂದು. ಎರಡು ಸೆಕೆಂಡು," ಎಂದು ಬರೆದುಕೊಂಡಳು. ಪರದೆಯ ಮೇಲೆ ತಾಮ್ರದ ಒಂದು ಬಟನ್ನು ಬಂದಿತ್ತು, ಸ್ವಲ್ಪ ಕಲಸಿಕೊಂಡು. ಅವನು ಏನಾದರೂ ಅನ್ನಿಸಲಿ ಎಂದು ಕಾದ. ಹನ್ನೊಂದು ವಾರ ಕಾದದ್ದು ಇದಕ್ಕೇ ಎಂಬಂತೆ, ಚಂದ್ರ ಕಂಡರೆ ಏನೋ ಆಗುತ್ತದೆ, ಒಳಗೆ ಸೂಜಿ ಚುಚ್ಚುತ್ತದೆ, ಆಗ ಹೇಳಿಬಿಡುತ್ತೇನೆ ಎಂದು ಇಪ್ಪತ್ತು ದಿನ ಕೈಪಿಡಿ ಓದಿದ್ದ. ಬಟನ್ನು ಬಟನ್ನಾಗಿಯೇ ಇತ್ತು.

ಮೂರನೆಯದು, ನಾಲ್ಕನೆಯದು. ನಡುವೆ ಅಕ್ಕ ಮಾತಾಡುತ್ತಿದ್ದಳು, ಕತ್ತಲಿಗೆ ಹೇಳುವಂತೆ. "ನೆನಪಿನ ಪರೀಕ್ಷೆಗೆ ಹೋಗಿದ್ದೆ ಅಂದೆನಲ್ಲ. ಐದು ಪದ ಹೇಳ್ತಾರೆ. ಆಮೇಲೆ ಅದೂ ಇದೂ ಮಾತಾಡಿಸಿ ವಾಪಸು ಕೇಳ್ತಾರೆ. ನಾಲ್ಕು ಹೇಳ್ದೆ. ಈ ವಯಸ್ಸಿಗೆ ನಾಲ್ಕು ಸಾಕು ಅಂದ್ರು ಡಾಕ್ಟ್ರು. ಸಾಕು ಅಂತ ಅವರಿಗೆ. ಆ ಐದನೇದು ಏನಿತ್ತು ಅಂತ ಬಸ್ಸಲ್ಲಿ ಬರ್ತಾ ಅತ್ತುಬಿಟ್ಟೆ ಕಣೋ." ಸ್ವಲ್ಪ ತಡೆದು, "ಒಂದು ವಿಷಯ ಗೊತ್ತಾ? ಈಗೀಗ ನೆನಪಾಗ್ತಿದೆ. ಆ ದರ್ಜಿ ಕೈ ಹಿಡ್ಕೊಂಡಿದ್ದು. ತಣ್ಣಗಿತ್ತು. ಬೆರಳ ತುದೀಲಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾಗಿತ್ತು. ನೆನಪಾದದ್ದಕ್ಕೆ ಖುಷಿಪಡ್ಬೇಕೋ ಏನೋ," ಎಂದಳು.

ತಣ್ಣಗಿರಲಿಲ್ಲ. ಊದಿದ ಕೈ ಕಾದ ಪಾತ್ರೆಯ ಹಾಗೆ ಬಿಸಿಯಾಗಿತ್ತು. ಹಿಡಿದದ್ದು ಅವನು, ಕೈಗವಸಿನ ಮೂಲಕವೂ ತಾಗಿತ್ತು. ತಾನು ಅವಳಿಂದ ಒಂದು ನೆನಪನ್ನು ಕಸಿದಿದ್ದೇನೆಂದು ಅವನು ಇಷ್ಟು ದಿನ ತಿಳಿದಿದ್ದ. ಈಗ ನೋಡಿದರೆ ಇಲ್ಲದ್ದೊಂದನ್ನು ಅವಳ ತಲೆಯೊಳಗೆ ಇಟ್ಟೂ ಬಂದಿದ್ದ, ಅದು ಅಲ್ಲಿ ತಣ್ಣಗೆ ಬೆಳೆಯುತ್ತಿತ್ತು.

"ಅಕ್ಕಾ, ಅದು ನಾನು," ಎಂದ.

"ಯಾವುದು?"

"ದರ್ಜಿ ಕೈ. ತೆಗೆದದ್ದು ನಾನು. ಅಕ್ಷರ ಅದಲುಬದಲು ಇಟ್ಟಿದ್ದೂ ನಾನೇ."

ಹೇಳಿದ್ದಾಯಿತು. ಇಷ್ಟು ಚಿಕ್ಕ ವಾಕ್ಯ ಎಂದು ಅವನಿಗೆ ಆಶ್ಚರ್ಯವಾಯಿತು. ಅಕ್ಕ ನೋಟ್‌ಪುಸ್ತಕದಿಂದ ತಲೆಯೆತ್ತಿದಳು, ಮೊಬೈಲಿನ ಬೆಳಕಿನಲ್ಲಿ ಅವಳ ಗಲ್ಲವಷ್ಟೇ ಕಾಣುತ್ತಿತ್ತು, ಗಲ್ಲ ನಕ್ಕಿತು.

"ಸಾಕು ಸುಮ್ನಿರು. ಒಳ್ಳೆಯವನಾಗೋಕೆ ಬೇರೆ ದಿನ ಸಿಗ್ಲಿಲ್ವಾ?"

"ನಿಜ ಅಕ್ಕ."

"ಮೊನ್ನೆ ಮಗಳೂ ಹೀಗೇ. ಒಲೆ ಉರೀತಾ ಇತ್ತು, ನಾನೇ ಹಚ್ಚಿಟ್ಟು ಮರೆತೆ ಅಮ್ಮ, ನೀನಲ್ಲ ಅಂತಾಳೆ. ಕಣ್ಣಲ್ಲಿ ನೀರು ತುಂಬ್ಕೊಂಡು ಅಂತಾಳೆ. ಎಲ್ರೂ ಸೇರಿ ನನ್ನ ಸಮಾಧಾನ ಮಾಡೋಕೆ ಶುರುಮಾಡಿದ್ದೀರಿ. ಬೇಡ ಕಣೋ. ನಿನ್ನ ಕೆಲಸಕ್ಕೆ ಕಲ್ಲು ಹಾಕ್ಕೋಬೇಡ. ಆ ಮುದುಕ ನನ್ನ ದನಿ ಕೇಳಿದೀನಿ ಅಂತ ಎದುರಿಗೇ ಹೇಳ್ಲಿಲ್ವಾ?" ಎಂದು ಅವನ ಹೆಗಲಿಗೆ ತಟ್ಟಿದಳು. ನೀಲಿ ಅಂಚಿನ ಕೈ. "ಐದನೇದು ತೆಗಿ. ಬೆಳಕು ಬರೋ ಹೊತ್ತಾಯ್ತು."

ಇಲ್ಲಿಗೆ ಬಿಡಬಹುದಿತ್ತು. ಅದು ಅವನಿಗೆ ಸ್ಪಷ್ಟವಾಗಿ ಕಂಡಿತು, ಆ ಸಂಜೆ ಸ್ಪಷ್ಟವಾಗಿ ಕಂಡ ಮೊದಲ ವಸ್ತು ಅದೇ. ಹೇಳಿಯಾಗಿದೆ, ಕೇಳಿದವಳು ಬೇಡವೆಂದು ವಾಪಸು ಕೊಟ್ಟಿದ್ದಾಳೆ, ಹೆಗಲು ಬೇರೆ ತಟ್ಟಿದ್ದಾಳೆ. ನಾಳೆ ಹತ್ತು ಗಂಟೆಗೆ ಕಾಗದ ಹೋಗುತ್ತದೆ. ಹನ್ನೊಂದಕ್ಕೆ ಮುದ್ರೆ. ಅವಳಿಗೆ ಒಂದು ಬೀಳ್ಕೊಡುಗೆ, ಅಲ್ಲಿ ಅವನದೊಂದು ಮಿಮಿಕ್ರಿ, ಎಲ್ಲರೂ ನಗುತ್ತಾರೆ, ಅವಳೂ. ಮುಂದೆ ಯಾವತ್ತಾದರೂ ಮನಸ್ಸು ಚುಚ್ಚಿದರೆ ಹೇಳಿದ್ದೆನಲ್ಲ ಎನ್ನಬಹುದು. ಎಷ್ಟು ಅಚ್ಚುಕಟ್ಟು. ಚಂದ್ರನ ಕೆಳಗಿನ ಅಂಚಿನಲ್ಲಿ ಉಗುರು ಕತ್ತರಿಸಿದಷ್ಟು ಬಿಳುಪು ಹುಟ್ಟಿತು. ಈಗ ಕಡಿಮೆ ಕೊಡಬೇಕು, ಎರಡು ಸೆಕೆಂಡಿನಿಂದ ಒಮ್ಮೆಗೇ ಇಳಿಸಬೇಕು, ಇಲ್ಲದಿದ್ದರೆ ಆ ಉಗುರು ಸುಟ್ಟುಹೋಗುತ್ತದೆ. "ಇಳಿಸೋ, ಇಳಿಸೋ," ಎನ್ನುತ್ತಿದ್ದಳು ಅಕ್ಕ. ಅವನ ಕೈ ಗುಂಡಿಯ ಮೇಲಿತ್ತು.

"ಇದ್ದೀನಿ ಬನ್ನಪ್ಪ, ಎಲ್ಲಿಗೆ ಹೋಗ್ಲಿ," ಎಂದ.

ಅದು ಅಕ್ಕನ ದನಿ. ಬಾಲದ ನಿಟ್ಟುಸಿರು ಸಮೇತ. ಜೊತೆ ಕೆಲಸ ಮಾಡುವವರ ದನಿಯನ್ನು ಅವನು ಎಂದೂ ಅವರ ಎದುರಿಗೆ ತೆಗೆದವನಲ್ಲ. ಅದು ಕಳ್ಳನೊಬ್ಬ ಮನೆಯವರ ಅಂಗಿ ತೊಟ್ಟು ಅವರದೇ ಬಾಗಿಲು ತಟ್ಟಿದ ಹಾಗೆ. ನಿಲ್ಲಿಸಲಿಲ್ಲ. "ಕೂತ್ಕೊಳ್ಳಿ ಅಪ್ಪಾ. ಎರಡೂ ಕೈ ಕೊಡಿ. ಅಯ್ಯೋ ಎಷ್ಟು ಊದಿದೆ, ಮೆತ್ತಗೆ ಹಿಡ್ಕೋತೀನಿ. ಅಲ್ಲಾಡ್ಬೇಡಿ. ಆಯ್ತು, ಆಯ್ತು." ಎಡಗೈಯಿಂದ ಗಾಳಿಯಲ್ಲಿ ಡಬ್ಬಿ ಎಳೆದುಕೊಂಡ, ಎಡಗೈಯಿಂದ ಅಕ್ಷರ ಹೆಕ್ಕಿದ, ಇಟ್ಟ, ಇನ್ನೊಂದು ಹೆಕ್ಕಿದ, ಇಟ್ಟ. ಹಾಸಿಗೆ ಬಟ್ಟೆಗಳು ಹಿಂದೆ ಪಟಪಟ ಎಂದವು. ಮುಗಿದ ಮೇಲೆ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಜೇಬಿನಲ್ಲಿಟ್ಟುಕೊಂಡ.

ಅಕ್ಕ ಆ ಜೇಬನ್ನೇ ನೋಡಿದಳು. ಆಮೇಲೆ, "ನಾನು ಹಾಗೆ ಮಾತಾಡ್ತೀನಾ?" ಎಂದು ಕೇಳಿದಳು.

"ಹೂಂ."

"ಕೊನೇಲಿ ಹಾಗೆ ಉಸಿರು ಬಿಡ್ತೀನಾ?"

"ಹೂಂ ಅಕ್ಕ."

"ಯಾರೂ ಹೇಳೇ ಇರ್ಲಿಲ್ಲ," ಎಂದಳು. ತಾರಸಿಯ ಅಂಚಿನ ಗೋಡೆಗೆ ಒರಗಿದಳು. ಅಳುತ್ತಾಳೆ, ಇಲ್ಲವೇ ಕೆನ್ನೆಗೆ ಬಾರಿಸುತ್ತಾಳೆ ಎಂದು ಅವನು ಎರಡಕ್ಕೂ ಮುಖ ಸಿದ್ಧಮಾಡಿಕೊಂಡ. ಅವಳು ಬೆರಳು ಮಡಿಸತೊಡಗಿದಳು, ಚೀಟಿ ಓದುವಾಗಿನ ಸಪಾಟು ದನಿಯಲ್ಲಿ. "ಮೊಮ್ಮಗಳನ್ನ ಸ್ಕೂಲಿಂದ ಕರ್ಕೊಂಡು ಬರೋದು ನಿಂತೋಯ್ತು. ಅಜ್ಜಿ ನಿನ್ನ ಎಲ್ಲೋ ಬಿಟ್ಟುಬಿಡ್ತಾಳೆ ಅಂತ ಯಾರೋ ಹೇಳಿದಾರೆ ಮಗೂಗೆ. ಮನೆ ಬೀಗದ ಕೈ ನನ್ನ ಹತ್ರ ಇಲ್ಲ. ಡಬ್ಬಿಗಳಿಗೆಲ್ಲ ಮಗಳು ಚೀಟಿ ಅಂಟಿಸಿದಾಳೆ, ಸಕ್ಕರೆ ಡಬ್ಬಿಗೂ. ನನ್ನ ಜೊತೆ ಗಟ್ಟಿಯಾಗಿ ಮಾತಾಡ್ತಾಳೆ, ಕಿವುಡಿಗೆ ಹೇಳೋ ಹಾಗೆ. ನಾನೂ..." ನಾಲ್ಕು ಬೆರಳು ಮಡಿಸಿ ನಿಂತಳು. "ನಾನೂ ರಾತ್ರಿ ಎದ್ದು, ನನ್ನ ಹೆಸರು ಬರೆದು ನೋಡ್ತಿದ್ದೆ."

ಅವನು ಏನಾದರೂ ಅನ್ನಬೇಕಿತ್ತು. ಅದಕ್ಕೆ ಬೇಕಾದ ದನಿ ಯಾವುದೆಂದು ಹುಡುಕಿದ. ಎಲ್ಲ ದನಿಗಳೂ ಯಾರದ್ದೋ ಆಗಿದ್ದವು. "ತಪ್ಪಾಯ್ತು" ಎಂದದ್ದು ಎಸಿ ಪೆಟ್ಟಿಗೆಯ ಸದ್ದಿನಲ್ಲಿ ಅವಳಿಗೆ ಕೇಳಿಸಿತೋ ಇಲ್ಲವೋ. ಅವಳು ಕೊರಳಿನ ದಾರ ತಲೆಯ ಮೇಲಿಂದ ತೆಗೆದು, ನೋಟ್‌ಪುಸ್ತಕವನ್ನೂ ಪೆನ್ನನ್ನೂ ಅವನ ಎದೆಗೆ ಒತ್ತಿದಳು.

"ಬರಿ."

"ನಾಳೆ ನಾನೇ ಹೋಗಿ ಸೂಪರಿಂಟೆಂಡೆಂಟ್ ಹತ್ರ ಹೇಳ್ತೀನಿ ಅಕ್ಕ."

"ಹೇಳೋದು ಬೇಡ. ನೀನು ಹೇಳಿದ್ದು ಯಾರ ದನೀಲಿ ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ಬರಿ. ಕೈಬರಹ ನಿಂದೊಂದೇ ಇದೆಯಲ್ಲ?"

ಅವನು ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತು, ಮೊಬೈಲನ್ನು ಬಾಯಲ್ಲಿ ಕಚ್ಚಿ ಬೆಳಕು ಬಿಟ್ಟುಕೊಂಡು ಬರೆಯತೊಡಗಿದ. ಆರು ಐವತ್ತೊಂದು, ಎರಡು ಸೆಕೆಂಡು ಎಂದು ಅವಳು ಬರೆದ ಪುಟ ತಿರುಗಿಸಿ ಮುಂದಿನದರಲ್ಲಿ. ಅತ್ತ ಅಕ್ಕ ಮುಕ್ಕಾಲಿಯ ಬಳಿಗೆ ಹೋಗಿದ್ದಳು. ಅವಳು ಗುಂಡಿ ಹುಡುಕುತ್ತಾಳೆಂದು ಅವನು ತಲೆಯೆತ್ತಿದ, ಹುಡುಕಲಿಲ್ಲ. ಬೆರಳು ಕತ್ತಲಲ್ಲೇ ಚಕ್ರ ತಿರುಗಿಸಿತು, ಟಕಟಕಟಕ ಎಂದು ಹತ್ತು ಹನ್ನೆರಡು ಹಲ್ಲು ಇಳಿಸಿತು, ಕ್ಲಕ್. ಸ್ವಲ್ಪ ಏರಿಸಿತು, ಕ್ಲಕ್. ಅವಳು ಉಸಿರು ಹಿಡಿಯುತ್ತಿದ್ದದ್ದೂ ಬಿಡುತ್ತಿದ್ದದ್ದೂ ಇವನಿಗೆ ಕೇಳುತ್ತಿತ್ತು. ಆಗಾಗ ಹಿಂದಕ್ಕೆ ಬಾಗಿ ಬರಿಗಣ್ಣಿನಲ್ಲಿ ನೋಡುತ್ತಿದ್ದಳು. ಚಂದ್ರ ಅರ್ಧ ಬೆಳ್ಳಗೆ ಅರ್ಧ ಮಾಸಲಾಗಿತ್ತು. ಹೇಗೆ ಬರುತ್ತಿದೆ ಎಂದು ಕೇಳುವ ಹಕ್ಕು ತನಗಿಲ್ಲವೆಂದು ಅವನು ಕೇಳಲಿಲ್ಲ.

ಬರೆದದ್ದು ಆರು ಸಾಲು. ಅಷ್ಟಕ್ಕೆ ಅರ್ಧ ಗಂಟೆ ಹಿಡಿಯಿತು. ತಂದು ಕೊಟ್ಟ. ಅವಳು ಮೊಬೈಲಿನ ಬೆಳಕಿನಲ್ಲಿ, ಚಿತ್ರದಲ್ಲಿ ಬಿರುಕು ಹುಡುಕುವಾಗ ನೋಡುವಂತೆ, ಮೇಲಿನಿಂದ ಕೆಳಕ್ಕೆ ಒಮ್ಮೆ, ಕೆಳಗಿನಿಂದ ಮೇಲಕ್ಕೆ ಒಮ್ಮೆ ಓದಿದಳು. ಅದಲುಬದಲು ಎಂಬಲ್ಲಿ ನಿಂತಳು, ಮುಂದೆ ಹೋದಳು. ಮತ್ತೆ ಹಿಂದಕ್ಕೆ ಬಂದು ಎರಡನೆಯ ಸಾಲಿನ ಮೇಲೆ ಉಗುರಿಟ್ಟಳು.

"ಇದು ತಪ್ಪು. ನಾನು ಹೊರಗೆ ಹೋಗಿದ್ದು ಹತ್ತೂ ಐವತ್ತಕ್ಕಲ್ಲ," ಎಂದಳು. "ಹನ್ನೊಂದೂ ಐದು. ಫೋನು ಅಂತ ನರ್ಸು ಕರೆದಾಗ ಗೋಡೆ ಗಡಿಯಾರ ನೋಡ್ದೆ. ಈ ಹೊತ್ತಲ್ಲಿ ಯಾರು ಅಂತ. ಮಗಳು. ಮಗೂಗೆ ಸ್ಕೂಲಲ್ಲಿ ಜ್ವರ ಬಂದಿದೆ, ಯಾವ ಸಿರಪ್ಪು ಕೊಡ್ಲಿ ಅಂತ ಕೇಳಿದ್ಲು. ಹಸಿರು ಮುಚ್ಚಳದ್ದು ಅಂದೆ. ಅದು ಆ ದಿನಾನೇ..."

ಅವಳ ಉಗುರು ಕಾಗದದ ಮೇಲೆ ಹಾಗೇ ಇತ್ತು.

"ಹನ್ನೊಂದೂ ಐದು," ಎಂದಳು ಇನ್ನೊಮ್ಮೆ, ಮೆಲ್ಲಗೆ, ಅವನಿಗಲ್ಲ.

ಅವನು ಪೆನ್ನು ತೆಗೆದುಕೊಂಡು, ಹತ್ತು ಐವತ್ತನ್ನು ಹೊಡೆದುಹಾಕಿ, ಪಕ್ಕದಲ್ಲಿ ಅವಳು ಹೇಳಿದ ಹಾಗೆ ಬರೆದ.